ನೆತ್ತರಿನ ಸಾಕ್ಷಿ

ಹೆಣ್ಣು ನೋಡಲು ಬಂದವರು ಚಹಾದ ಕಪ್ಪು ಕೈಗೆತ್ತಿಕೊಳ್ಳುವ ಮೊದಲೇ ಕೇಳುವ ಮಾತು ನಿಮಗೂ ಗೊತ್ತು: "ನಿಮ್ಮ ಮೂಲ ಯಾವುದು?" ಮೂಲವೆಂದರೆ ಊರಲ್ಲ, ಹೊಲವಲ್ಲ, ಒಳಪಂಗಡ, ಬೆಡಗು, ಮನೆದೇವರು. ನಮ್ಮ ಮಾದನಹಿಪ್ಪರಗಾ ಗಡಿಯ ಊರು. ಅಕ್ಕಲಕೋಟೆ ಕಡೆಯಿಂದ ಸೊಸೆ ಬಂದು ಕೂಸಿಗೆ ಮರಾಠಿಯಲ್ಲಿ ಜೋಗುಳ ಹಾಡಿದರೂ ಯಾರದೂ ತಕರಾರಿಲ್ಲ. 1956ರಲ್ಲಿ ಎಳೆದ ರಾಜ್ಯದ ಗೆರೆಯನ್ನು ಬೀಗತನ ಸಲೀಸಾಗಿ ದಾಟುತ್ತದೆ. ಪಕ್ಕದ ಓಣಿಯನ್ನು ಮಾತ್ರ ದಾಟುವುದಿಲ್ಲ.

ಇಂಥ ಗೆರೆಗಳು ಬೇರೆ ಕಡೆಯೂ ಇವೆ. ಮೆಕಾಂಗ್ ನದಿಯ ಒಂದು ದಂಡೆ ಥಾಯ್ಲೆಂಡ್, ಇನ್ನೊಂದು ಲಾವೋಸ್. 1893ರಲ್ಲಿ ಫ್ರೆಂಚರು ಆಚೆ ದಂಡೆಯನ್ನು ವಶಮಾಡಿಕೊಂಡ ಮೇಲೆ ಒಂದೇ ಜನ ಎರಡು ದೇಶದವರಾದರು. ವಂಶವಾಹಿ ಪರೀಕ್ಷಿಸಿದರೆ ಈಶಾನ್ಯ ಥಾಯ್ಲೆಂಡಿನವರೂ ಲಾವೋಸಿನವರೂ ಈಗಲೂ ಹತ್ತಿರದ ನೆಂಟರು. ಬ್ಯಾಂಕಾಕ್ ಕಡೆಯ ಥಾಯ್ ಜನರಲ್ಲಾದರೋ, ಥಾಯ್ ಭಾಷೆ ಅಲ್ಲಿಗೆ ಬರುವ ಮೊದಲೇ ನೆಲೆಸಿದ್ದ ಮೋನ್ ಜನರ ಅಂಶ ಬೆರೆತಿದೆ. ಭಾಷೆ ಹೊಸದಾಯಿತು, ಅಜ್ಜಿಯರು ಹಳಬರೇ ಉಳಿದರು.

ನಮ್ಮ ನೆತ್ತರು ಏನು ಹೇಳುತ್ತದೆ? ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರು ಅಮೆರಿಕದ ವಿಜ್ಞಾನಿಗಳೊಡನೆ ಸೇರಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತದ 25 ಗುಂಪುಗಳ 132 ಜನರನ್ನು ಪರೀಕ್ಷಿಸಿದಾಗ, ಮುಖ್ಯಭೂಮಿಯ ಹೆಚ್ಚಿನವರು ಎರಡು ಪ್ರಾಚೀನ ಮೂಲಗಳ ಬೆರಕೆ ಎಂದು ಕಂಡುಬಂತು. ಮೇಲಿನ ಜಾತಿಯೆನಿಸಿಕೊಂಡವರಲ್ಲಿ ಒಂದರ ಪಾಲು ಸ್ವಲ್ಪ ಹೆಚ್ಚು, ಕೆಳಗಿನದೆನಿಸಿಕೊಂಡವರಲ್ಲಿ ಸ್ವಲ್ಪ ಕಡಿಮೆ. ಆದರೆ ಎರಡೂ ಎಲ್ಲರಲ್ಲೂ ಇವೆ. ಆ ಎರಡು ಮೂಲಗಳೂ ಸ್ವತಃ ಬೆರಕೆಯೇ ಎಂದು ಆಮೇಲಿನ ಸಂಶೋಧನೆ ತೋರಿಸಿತು.

ಬೆರಕೆ ಯಾವಾಗ ಆಯಿತೆಂದು ತಿಳಿಯುವ ರೀತಿ ನಮ್ಮಂಥ ಕೌದಿ ಹೊಲಿಯುವವರಿಗೆ ಬೇಗ ಅರ್ಥವಾಗುತ್ತದೆ. ಪ್ರತಿ ತಲೆಮಾರಿನಲ್ಲೂ ತಂದೆತಾಯಿಯ ವಂಶವಾಹಿ ಕತ್ತರಿಸಿ ಮತ್ತೆ ಜೋಡಣೆಯಾಗುತ್ತದೆ. ಬೆರೆತು ಹೆಚ್ಚು ಕಾಲವಾಗಿಲ್ಲದಿದ್ದರೆ ತುಂಡುಗಳು ಸೀರೆಯ ಸೆರಗಿನಷ್ಟು ಉದ್ದ ಸಿಗುತ್ತವೆ. ಹಳೆಯದಾದಷ್ಟೂ ಚಿಂದಿ ಸಣ್ಣದು. ಚಿಂದಿಯ ಅಳತೆಯಿಂದ ತಲೆಮಾರುಗಳನ್ನು ಲೆಕ್ಕ ಹಾಕುತ್ತಾರೆ. ಉತ್ತರ ಕನ್ನಡದ ಕಾಡಿನಲ್ಲಿರುವ, ಆಫ್ರಿಕದಿಂದ ಬಂದ ಸಿದ್ದಿಯರಲ್ಲಿ ಇಲ್ಲಿಯವರ ಅಂಶ ಸೇರಿ ಸುಮಾರು 8 ತಲೆಮಾರು ಎಂದು 2011ರಲ್ಲಿ ಗೊತ್ತಾದದ್ದೂ ಹೀಗೆಯೇ. 2013ರಲ್ಲಿ 73 ಗುಂಪುಗಳ ಲೆಕ್ಕ ಬಂತು. ನಮ್ಮವರೆಲ್ಲ ಧಾರಾಳವಾಗಿ ಬೆರೆತದ್ದು ಸುಮಾರು 4200 ವರ್ಷಗಳಿಂದ 1900 ವರ್ಷಗಳ ಹಿಂದಿನ ನಡುವೆ. ಆಮೇಲೆ ಬಾಗಿಲು ಮುಚ್ಚಿತು, ತಮ್ಮತಮ್ಮೊಳಗೇ ಮದುವೆ.

ಇಲ್ಲಿ ನನಗೆ ಕಲ್ಯಾಣ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟರೆಂದು ಇಬ್ಬರು ತಂದೆಯರನ್ನೂ ಕೊಲ್ಲಿಸಿದರೆಂಬ ಕತೆ ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಬಾಗಿಲು ಮುಚ್ಚಿ ಆಗಲೇ ಸಾವಿರ ವರ್ಷದ ಹತ್ತಿರ ಬಂದಿತ್ತು. ಅದಕ್ಕಿಂತ ಮುಂಚೆ ಅಂಥ ಮದುವೆ ಸುದ್ದಿಯೇ ಆಗುತ್ತಿರಲಿಲ್ಲವೇನೋ.

ಇನ್ನೊಂದು ಸಂಗತಿ ಹೆಂಗಸರಾದ ನಾವು ಕೇಳಬೇಕಾದದ್ದು. ಗೋತ್ರ, ಬೆಡಗು ಎಲ್ಲ ಗಂಡಸಿನ ಕಡೆಯಿಂದ ಹರಿಯುತ್ತವೆ. ಮದುವೆಯಾದ ದಿನ ನಮ್ಮದು ಅಳಿಸಿಹೋಗುತ್ತದೆ. ಆದರೆ ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಕಣದ ವಂಶವಾಹಿ ತಾಯಿಯಿಂದ ಮಾತ್ರ ಬರುತ್ತದೆ. ಮಗನಿಗೂ ಬರುತ್ತದೆ, ಆದರೆ ಅವನು ಮುಂದಕ್ಕೆ ಕೊಡಲಾರ. ಭಾರತದಲ್ಲಿ ಈ ತಾಯಿಯ ಎಳೆಗಳ ಬಹುಪಾಲು ಹತ್ತಾರು ಸಾವಿರ ವರ್ಷ ಇದೇ ನೆಲದಲ್ಲಿ ಕವಲೊಡೆದಂಥವು. ಹೊರಗಿನಿಂದ ಬಂದದ್ದು ತಂದೆಯ ಎಳೆಗಳಲ್ಲೇ ಹೆಚ್ಚು. ವಂಶಾವಳಿ ಬರೆದವರು ಬಿಟ್ಟ ಅಜ್ಜಿಯರನ್ನು ಮೈ ಬಿಟ್ಟಿಲ್ಲ.

ಹೋದ ಸಂಕ್ರಾಂತಿಗೆ ಎಳ್ಳು ಬೀರಲು ಸೇರಿದ್ದಾಗ ಈ ಮಾತು ಬಂತು. ನಮ್ಮ ಓಣಿಯ ಹುಡುಗಿಯೊಬ್ಬಳು ಬೇರೆ ಜಾತಿಯ ಹುಡುಗನೊಡನೆ ನೋಂದಣಿ ಮದುವೆಯಾಗಿದ್ದಳು. ತಂದೆ ಮನೆಗೆ ಸೇರಿಸಿರಲಿಲ್ಲ. ವಿಜ್ಞಾನ ಕಲಿಸುವ ಎಳೆಯ ಟೀಚರ್ ಒಬ್ಬರು, ಎಲ್ಲರೂ ಬೆರಕೆಯವರೇ ಆದಮೇಲೆ ಇದಕ್ಕೇಕೆ ಗಲಾಟೆ ಎಂದು ವಿವರಿಸಿದರು. ಹುಡುಗಿಯ ಅಜ್ಜಿ ಎಲ್ಲ ಕೇಳಿಸಿಕೊಂಡು, "ಎಲ್ಲಾರೂ ಬೆರಕಿ ಅಂತೀದಿ, ಖರೇ ಇದ್ದೀತು. ಯಾರರೇ ಬೆರಕಿ ಇಲ್ದವ್ರು ಸಿಕ್ರಂದ್ರ ಅವ್ರನ್ನ ಹೊರಗ ಇಡೂದೇನವ್ವಾ?" ಎಂದಳು.

ಓದು ಬರಹ ಬಾರದ ಆಕೆಯ ಪ್ರಶ್ನೆ ಪ್ರಯೋಗಾಲಯದ ಉತ್ತರಕ್ಕಿಂತ ದೊಡ್ಡದು. ಕರಾವಳಿಯ ಕೊರಗರನ್ನೇ ನೋಡಿ. ಅವರಲ್ಲಿ ಸುಮಾರು 4400 ವರ್ಷ ಹಳೆಯ, ಅದುವರೆಗೆ ಗುರುತಿಸದಿದ್ದ ಪ್ರತ್ಯೇಕ ಮೂಲಾಂಶವೊಂದಿದೆ ಎಂದು ಮಂಗಳೂರಿನ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನ 2025ರಲ್ಲಿ ಹೇಳಿತು. ಬೆರಕೆಯೇ ಇಲ್ಲವೆಂದಲ್ಲ, ಆದರೆ ಬೇರೆಯವರು. ಇದೇ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ಉಣಿಸಿ ತಮ್ಮ ರೋಗವನ್ನು ಅವರಿಗೆ ದಾಟಿಸುತ್ತೇವೆಂದು ಜನ ನಂಬಿದ್ದರು. ಆ ಅಜಲು ಪದ್ಧತಿಯನ್ನು ನಿಷೇಧಿಸಿ 2000ದಲ್ಲಿ ಕಾಯಿದೆ ಬಂತು. ಕಾಯಿದೆ ಮಾಡಿದವರು ಯಾರ ನೆತ್ತರನ್ನೂ ಪರೀಕ್ಷೆಗೆ ಕಳಿಸಿರಲಿಲ್ಲ, ಕಳಿಸಬೇಕಾಗಿಯೂ ಇರಲಿಲ್ಲ. ಉಣ್ಣುವವರು ಮನುಷ್ಯರು ಎಂಬುದು ಕಣ್ಣಿಗೇ ಕಾಣುತ್ತಿತ್ತು. ನಾವೆಲ್ಲ ಬೆರಕೆ, ಆದ್ದರಿಂದ ಸಮಾನರು ಎಂದು ಹೊರಟರೆ, ನಾಳೆ ಯಾವುದೋ ಯಂತ್ರ ಬೇರೆ ಎಂದಾಗ ನಮ್ಮ ಬಾಯಿ ಕಟ್ಟುತ್ತದೆ. ವಿಜ್ಞಾನ ನಮ್ಮ ಜಂಬ ಮುರಿಯಲಿ, ಸಂತೋಷ. ಇನ್ನೊಬ್ಬರ ಮರ್ಯಾದೆಗೆ ಜಾಮೀನು ಕೊಡುವ ಕೆಲಸ ಅದಕ್ಕೆ ಬೇಡ.

ಹುಡುಗಿಯ ತಂದೆ ಇನ್ನೂ ಮಾತಾಡುತ್ತಿಲ್ಲ. ಅಜ್ಜಿ ಮಾತ್ರ ಎರಡು ಸಲ ಕಲಬುರಗಿಗೆ ಹೋಗಿ ಮೊಮ್ಮಗಳ ಮನೆಯಲ್ಲಿ ಉಂಡು ಬಂದಿದ್ದಾಳೆ. 2023ರಿಂದ ಹೆಂಗಸರಿಗೆ ಬಸ್ಸಿನ ಖರ್ಚೂ ಇಲ್ಲವಲ್ಲ.