ಒಂದು ಮೊಳ, ಮೇಲೊಂದಿಷ್ಟು ಕೊಸರು

ನನ್ನ ಹ್ಯಾಂಡಿಗೆ ಬಾಲ ಕಟ್ಟಿದ ದಿನ ಮನೆಯವರೆಲ್ಲ ನಕ್ಕರು. ನಗದೆ ಏನು ಮಾಡಿಯಾರು? ಅಂಗೈಗಿಂತ ತುಸು ದೊಡ್ಡ ಕಪ್ಪು ರೇಡಿಯೋ, ತಲೆಯ ಮೇಲೊಂದು ಗಿಡ್ಡ ರಬ್ಬರ್ ಕೊಂಬು, ಆ ಕೊಂಬಿನ ಬುಡದಿಂದ ಇಳಿಬಿದ್ದ ಒಂದು ಕೆಂಪು ವೈರು. ವೈರಿನ ಒಂದು ತುದಿ ರೇಡಿಯೋಗೆ ಅಂಟಿದೆ, ಇನ್ನೊಂದು ತುದಿ ಸುಮ್ಮನೆ ತೂಗಾಡುತ್ತಿದೆ.

‘ಅಪ್ಪ, ಆ ಕಡೆ ಎಲ್ಲಿಗೆ ಸಿಕ್ಕಿಸೋದು?’ ಎಂದಳು ಮಗಳು.

‘ಎಲ್ಲಿಗೂ ಇಲ್ಲ.’

‘ಮತ್ತೆ ಕರೆಂಟ್ ಹೇಗೆ ಹೋಗುತ್ತೆ?’

ಮಂಡಲ ಪೂರ್ತಿಯಾಗದೆ ವಿದ್ಯುತ್ತು ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಓದಿ ಬಂದವಳು. ಬ್ಯಾಟರಿ, ಬಲ್ಬು, ಸ್ವಿಚ್ಚು, ಸುತ್ತಿ ಮತ್ತೆ ಬ್ಯಾಟರಿ. ಅವಳ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಉತ್ತರ ಹೇಳಲು ಹೊರಟ ನಾನೇ ತಡವರಿಸಿದೆ. ಇಷ್ಟು ವರ್ಷ ಕಾಲ್‌ಸೈನ್ ಇಟ್ಟುಕೊಂಡು ತಿರುಗಿದವನಿಗೆ, ಎಲ್ಲಿಗೂ ಹೋಗದ ತಂತಿಯೊಳಗೆ ಏನು ಹರಿಯುತ್ತದೆ ಎಂದು ಒಂದು ಮಗುವಿಗೆ ಹೇಳಲು ಬರಲಿಲ್ಲ.

ಹ್ಯಾಂಡಿ ಎಂದರೆ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ ಬಾಯಲ್ಲಿ ಕೈಯಲ್ಲಿ ಹಿಡಿಯುವ ರೇಡಿಯೋ. ಕೇಳುವುದೂ ಮಾತಾಡುವುದೂ ಅದರಲ್ಲೇ. ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆದು, ‘ವಿಯು’ ಎಂದು ಶುರುವಾಗುವ ಗುರುತಿನ ಹೆಸರು, ಅಂದರೆ ಕಾಲ್‌ಸೈನ್ ಕೈಗೆ ಬಂದ ಮೇಲೆಯೇ ಅದರ ಗುಂಡಿ ಒತ್ತಿ ಮಾತಾಡಬೇಕು. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ಓಣಿಗಳಲ್ಲಿ ಒಂದು 144ರಿಂದ 146 ಮೆಗಾಹರ್ಟ್ಜ್. ಅಲೆಯ ಉದ್ದ ಸುಮಾರು ಎರಡು ಮೀಟರ್ ಆದ್ದರಿಂದ ಅದರ ಹೆಸರೇ ‘ಟೂ ಮೀಟರ್’. ನನ್ನ ಹ್ಯಾಂಡಿಯ ಶಕ್ತಿ ಹೆಚ್ಚೆಂದರೆ 5 ವಾಟ್. ದೇವರ ಮನೆಯಲ್ಲಿ ಉರಿಯುತ್ತಿದ್ದ ಹಳೆಯ ಜೀರೋ ಬಲ್ಬು ಇದಕ್ಕಿಂತ ಹೆಚ್ಚು ಕುಡಿಯುತ್ತಿತ್ತು.

ರೇಡಿಯೋವನ್ನು ‘ಮಾಡ್’ ಮಾಡುವುದು ಎಂದರೆ ಇವತ್ತಿನ ಹುಡುಗರಿಗೆ ಬೇರೆಯೇ ಅರ್ಥ. ಹಿಂಬದಿ ಬಿಚ್ಚಿ, ಭೂತಗನ್ನಡಿ ಹಿಡಿದು, ಸಾಸಿವೆ ಕಾಳಿನಷ್ಟಿರುವ ಒಂದು ಡಯೋಡನ್ನೋ ರೆಸಿಸ್ಟರನ್ನೋ ಕಿತ್ತು ಹಾಕಿ, ತಯಾರಕರು ಹಾಕಿದ್ದ ಬೇಲಿ ಮುರಿಯುವುದು. ಆಮೇಲೆ ಸೆಟ್ಟು ತನ್ನದಲ್ಲದ ಓಣಿಗಳಲ್ಲೂ ಮಾತಾಡಬಲ್ಲದು. ಪೊಲೀಸರ, ಅಗ್ನಿಶಾಮಕದವರ ಓಣಿಗಳಲ್ಲಿ ನಮಗೇನು ಕೆಲಸ? ನನಗೆ ಆ ರುಚಿ ಹತ್ತಲಿಲ್ಲ. ಕಾನೂನಿನ ಭಯ ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ, ಬಿಚ್ಚಿ ನೋಡಿದರೆ ಒಳಗೆ ಕೈ ಆಡಿಸುವಂಥದ್ದೇ ಇಲ್ಲ. ಹಿಂದೆ ಒಂದೊಂದು ಚಾನೆಲ್ಲಿಗೂ ಒಂದೊಂದು ಜೋಡಿ ಸ್ಫಟಿಕದ ಹರಳು ಹುಡುಕಿ ತಂದು ಕೂರಿಸಬೇಕಿತ್ತು. ತಾಮ್ರದ ಸುರುಳಿಗಳೊಳಗಿನ ಫೆರೈಟ್ ತಿರುಪನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಉಸಿರು ಹಿಡಿದು ಕೇಳಬೇಕಿತ್ತು. ಈಗಿನ ಅಗ್ಗದ ಸೆಟ್ಟಿನಲ್ಲಿ ಬೆರಳುಗುರಿಗಿಂತ ಸಣ್ಣ ಒಂದೇ ಚಿಪ್ಪು ಆ ಎಲ್ಲ ಕೆಲಸವನ್ನೂ ನುಂಗಿಕೊಂಡು ಕೂತಿದೆ. ಮಾಡಲು ಉಳಿದಿರುವುದೆಲ್ಲ ಡಬ್ಬಿಯ ಹೊರಗೆ.

ನನಗೆ ಈ ಬಾಲದ ಉಪಾಯ ಹೇಳಿದವರು ಹಿರಿಯ ಹ್ಯಾಮ್ ಒಬ್ಬರು. ಎಲ್ಲರನ್ನೂ ‘ಓಎಂ’ ಎಂದೇ ಕರೆಯುವ ತಲೆಮಾರಿನವರು. ಓಲ್ಡ್ ಮ್ಯಾನ್ ಎಂಬುದರ ಮೋಟು ರೂಪ ಅದು. ಹದಿನಾರರ ಹುಡುಗನೂ ಅವರಿಗೆ ಓಎಂ. ‘ಓಎಂ, ಆಂಟೆನಾಗೆ ದುಡ್ಡು ಸುರಿಯಬೇಡಿ. ಒಂದು ವೈರು ಕಟ್ಟಿ. ಇಂಗ್ಲಿಷಿನವರು ಟೈಗರ್ ಟೇಲ್ ಅಂತಾರೆ. ಹತ್ತೊಂಬತ್ತು ಚಿಲ್ಲರೆ ಇಂಚು.’ ಅಷ್ಟೇ ಹೇಳಿ ಫೋನಿಟ್ಟರು.

ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದು ಮೀಟರ್ ವೈರು, ಆಂಟೆನಾ ಕೂರುವ ಲೋಹದ ಬಾಯಿಗೆ ಹಿಡಿಸುವಂಥ ಒಂದು ತೆಳು ಉಂಗುರ ಕೊಂಡು ಮನೆಗೆ ಬಂದೆ. ಅಳತೆ ಟೇಪು ಸಿಗಲಿಲ್ಲ. ಹುಡುಕುತ್ತ ಕೂರುವ ಬದಲು, ಗಾಂಧಿ ಬಜಾರಿನಲ್ಲಿ ಹೂವಿನವರು ಅಳೆಯುವ ಹಾಗೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ವೈರನ್ನು ಎಳೆದು ಹಿಡಿದೆ. ಒಂದು ಮೊಳ. ಮೊಳ ಎಂದರೆ ಹದಿನೆಂಟು ಇಂಚು. ಬೇಕಾದದ್ದು ಹತ್ತೊಂಬತ್ತು ಚಿಲ್ಲರೆ. ಮೇಲೆ ಎರಡು ಬೆರಳು ಅಗಲ ಸೇರಿಸಿದೆ, ಹೂವಿನವರು ಕೊಡುವ ಕೊಸರಿನ ಹಾಗೆ. ಆಮೇಲೆ ಟೇಪು ಸಿಕ್ಕಿದಾಗ ನೋಡಿದರೆ ಹೆಚ್ಚುಕಡಿಮೆ ಸರಿಯಾಗಿತ್ತು.

ಅಲ್ಲಿಗೆ ನಿಂತೆ. ವೈರು ಕೈಯಲ್ಲೇ ಇತ್ತು, ಬೆಸುಗೆ ಕಡ್ಡಿ ಕಾಯುತ್ತಿತ್ತು, ನಾನು ಲೆಕ್ಕ ಹಾಕುತ್ತ ಕೂತೆ. ಎರಡು ಗೇಣು ಒಂದು ಮೊಳ. ನಾಲ್ಕು ಮೊಳ ಒಂದು ಮಾರು, ಎರಡೂ ತೋಳು ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ. 145 ಮೆಗಾಹರ್ಟ್ಜ್ ಅಲೆಯ ಉದ್ದ 207 ಸೆಂಟಿಮೀಟರ್, ಅಂದರೆ ಒಂದು ಮಾರು, ಮೇಲೆ ಕೊಸರು. ಅದರ ಕಾಲು ಪಾಲು ಒಂದು ಮೊಳ, ಮೇಲೆ ಕೊಸರು. ಬಾವಿಯ ಹಗ್ಗವನ್ನೂ ಮಲ್ಲಿಗೆ ದಂಡೆಯನ್ನೂ ನಮ್ಮವರು ಅಳೆಯುತ್ತ ಬಂದ ಅಳತೆಯಲ್ಲೇ ಈ ಅಲೆ ಕೂತಿದೆ. ಮೈಯನ್ನು ಬಿಟ್ಟು ಬೇರೆ ಅಳತೆಗೋಲು ಇದಕ್ಕೆ ಬೇಕಾಗಿಲ್ಲ.

ಇದು ಬರಿಯ ಕಾಕತಾಳೀಯ ಎನ್ನಬಹುದು. ಆದರೆ ಈ ಕಾಕತಾಳೀಯಕ್ಕೆ ಪರಿಣಾಮಗಳಿವೆ. ಆಂಟೆನಾಗೆ ಎರಡು ಅರ್ಧಗಳಿರಬೇಕು. ಒಂದರೊಳಕ್ಕೆ ವಿದ್ಯುತ್ತನ್ನು ತಳ್ಳಬೇಕಾದರೆ ಇನ್ನೊಂದರಿಂದ ಎಳೆದುಕೊಳ್ಳಬೇಕು. ಕೈಯೂರಲು ಏನೂ ಇಲ್ಲದೆ ಯಾರನ್ನೂ ತಳ್ಳಲಾಗುವುದಿಲ್ಲವಲ್ಲ, ಹಾಗೆ. ಹ್ಯಾಂಡಿಯ ರಬ್ಬರ್ ಕೊಂಬಿನೊಳಗೆ ಒಂದು ಮೊಳದ ಕೆಲಸ ಮಾಡಬೇಕಾದ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿ ಗೇಣಿಗೂ ಕಡಿಮೆಗೆ ಕುಗ್ಗಿಸಿಟ್ಟಿದ್ದಾರೆ. ಅದು ಒಂದು ಅರ್ಧ, ಅದೂ ಕುಂಟುವ ಅರ್ಧ. ಇನ್ನೊಂದು ಎಲ್ಲಿ? ರೇಡಿಯೋ ಡಬ್ಬಿಯೊಳಗಿನ ಲೋಹ ಆ ಪಾತ್ರಕ್ಕೆ ತೀರಾ ಚಿಕ್ಕದು. ಹಾಗಾಗಿ ಕೇಳದೆ ಹೇಳದೆ ಆ ಕೆಲಸಕ್ಕೆ ಒದಗುವುದು ಅದನ್ನು ಹಿಡಿದ ಕೈ, ತೋಳು, ಅದರ ಹಿಂದಿರುವ ಉಪ್ಪುನೀರು ತುಂಬಿದ ಇಡೀ ಮೈ.

ಇಷ್ಟು ವರ್ಷ ನಾನು ರೇಡಿಯೋದಲ್ಲಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ರೇಡಿಯೋದ ಅರ್ಧ ನಾನೇ ಆಗಿದ್ದೆ. ಕೈಯಲ್ಲಿ ಎತ್ತಿ ಹಿಡಿದಾಗ ಚೆನ್ನಾಗಿ ಕೇಳುತ್ತಿದ್ದ ಹ್ಯಾಂಡಿ ಸೊಂಟಕ್ಕೆ ಸಿಕ್ಕಿಸಿದಾಗ ಯಾಕೆ ಮಂಕಾಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಮೈ ಜೊತೆಗೂ ನಿಲ್ಲುತ್ತದೆ, ಅಡ್ಡವೂ ನಿಲ್ಲುತ್ತದೆ, ಸಿಕ್ಕಷ್ಟು ಹೀರಿಕೊಳ್ಳುತ್ತದೆ. ರೇಡಿಯೋ ಅಲೆಗಳಿಂದ ಜನರನ್ನು ಕಾಯುವ ನಿಯಮಗಳು ಹೆಚ್ಚು ಬಿಗಿಯಾಗಿರುವುದು ಸುಮಾರು 30ರಿಂದ 300 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ. ಕಾರಣ ಸರಳ: ಆ ಅಲೆಗಳು ಮನುಷ್ಯನ ಎತ್ತರಕ್ಕೆ ಹೊಂದುತ್ತವೆ, ನಿಂತ ಮನುಷ್ಯ ಒಳ್ಳೆಯ ಆಂಟೆನಾ ಆಗಿಬಿಡುತ್ತಾನೆ. ಬಾಲ ಕಟ್ಟುವುದೆಂದರೆ ಮೈಗೆ ಆ ಚಾಕರಿಯಿಂದ ಸ್ವಲ್ಪ ಬಿಡುವು ಕೊಟ್ಟು, ಆ ಜಾಗಕ್ಕೆ ಒಂದು ಮೊಳ ತಾಮ್ರವನ್ನು ನೇಮಿಸುವುದು.

ಇನ್ನೊಂದು ಅರ್ಧದ ಈ ಗುಟ್ಟನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದವನ ಕೈಯಲ್ಲೂ ತಂತಿಯೇ ಇತ್ತು. 1895ರಲ್ಲಿ ಇಟಲಿಯ ಬೊಲೋನ್ಯಾ ಹತ್ತಿರದ ತನ್ನ ಮನೆಯ ಅಂಗಳದಲ್ಲಿ ಇಪ್ಪತ್ತೊಂದರ ಮಾರ್ಕೋನಿ, ಕಿಡಿ ಹಾರಿಸುವ ಯಂತ್ರದ ಒಂದು ಕೊನೆಯನ್ನು ಮೇಲೆ ಎತ್ತಿ ಕಟ್ಟಿ, ಇನ್ನೊಂದನ್ನು ನೆಲದಲ್ಲಿ ಹೂತ. ಅಷ್ಟರವರೆಗೆ ಹೆಚ್ಚು ದೂರ ಹೋಗಲು ತಿಣುಕುತ್ತಿದ್ದ ಸಂಕೇತ ಗುಡ್ಡದ ಮರೆಯನ್ನೂ ದಾಟಿ ಎರಡು ಕಿಲೋಮೀಟರಿನಷ್ಟು ಹೋಯಿತು. ಅವನು ಇನ್ನೊಂದು ಅರ್ಧವಾಗಿ ಬಳಸಿದ್ದು ಭೂಮಿಯನ್ನು! ಹ್ಯಾಂಡಿಗೆ ಭೂಮಿ ಎಟುಕುವುದಿಲ್ಲ, ಹಿಡಿದವನ ಮೈಯೇ ಅದಕ್ಕೆ ನೆಲ.

ಸರಿ, ಮಗಳ ಪ್ರಶ್ನೆ. ತುದಿ ಎಲ್ಲಿಗೂ ಅಂಟದ ತಂತಿಯಲ್ಲಿ ಕರೆಂಟ್ ಹೇಗೆ?

ಒಂದು ಅಲೆ ಒಮ್ಮೆ ಹೋಗಿ ಬಂದು ಹೊರಳಲು ಹಿಡಿಯುವ ಕಾಲ 7 ನ್ಯಾನೋಸೆಕೆಂಡಿಗೂ ಕಡಿಮೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಒಂದಡಿ ಹೋಗುತ್ತದೆ. ತಂತಿಯ ಬುಡದಲ್ಲಿ ಕೊಟ್ಟ ತಳ್ಳು ತುದಿ ಮುಟ್ಟಿ, ಮುಂದೆ ದಾರಿ ಕಾಣದೆ ತಿರುಗಿ ಬುಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅರ್ಧ ಸುತ್ತು ಮುಗಿದಿರುತ್ತದೆ. ರೇಡಿಯೋ ಆಗಷ್ಟೇ ದಿಕ್ಕು ಬದಲಿಸಿ ಎಳೆಯಲು ಶುರುಮಾಡಿರುತ್ತದೆ. ಜೋಕಾಲಿ ನಮ್ಮ ಕಡೆ ಬಂದು ನಿಂತ ಗಳಿಗೆಯಲ್ಲೇ ಮತ್ತೆ ತಳ್ಳಿದ ಹಾಗೆ. ಉದ್ದ ಒಂದು ಮೊಳ, ಮೇಲೆ ಎರಡು ಬೆರಳು ಇದ್ದರೆ ಈ ತಾಳ ಕೂಡುತ್ತದೆ. ತುದಿಯಲ್ಲಿ ಕರೆಂಟ್ ಸೊನ್ನೆ, ಬುಡದಲ್ಲಿ ಪೂರ್ತಿ. ಜೋಕಾಲಿ ಊರಿಂದೂರಿಗೆ ಹೋಗುವುದಿಲ್ಲ, ಆದರೂ ಮಗು ಆಡಿರುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಈ ಸಡಗರವೆಲ್ಲ ನಡೆಯುವುದು ತಾಮ್ರದ ತೊಗಲಿನಲ್ಲಿ ಮಾತ್ರ, ಮೇಲ್ಮೈಯಿಂದ ಸುಮಾರು 5 ಮೈಕ್ರಾನ್ ಒಳಕ್ಕೆ. ಕೂದಲೆಳೆಯ ದಪ್ಪದ ಹತ್ತರಲ್ಲಿ ಒಂದು ಪಾಲೂ ಅಲ್ಲ. ಅದರೊಳಗಿನ ಎಲೆಕ್ಟ್ರಾನುಗಳು ಹಿಂದೆ ಮುಂದೆ ಎಷ್ಟು ಸರಿಯುತ್ತವೆ ಎಂದು ಒಂದು ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 5 ವಾಟ್, ಮಿಲಿಮೀಟರ್ ದಪ್ಪದ ತಂತಿ. ಒಂದು ತಾಮ್ರದ ಪರಮಾಣುವಿನ ಅಗಲದ ನೂರರಲ್ಲಿ ಒಂದೆರಡು ಪಾಲು, ಅಷ್ಟೇ. ತಪ್ಪಿರಬೇಕೆಂದು ಎರಡು ಸಲ ಮಾಡಿದೆ. ತಪ್ಪಿರಲಿಲ್ಲ. ಪರಮಾಣುವಿನೊಳಗೇ ಮಿಸುಕಾಡಿ ಸುಮ್ಮನಾಗುವ ಆ ನಡುಕ, ಕೆಂಗೇರಿಯ ಮಹಡಿಯ ಮೇಲೆ ಕೂತ ಗೆಳೆಯನ ಕಿವಿಯಲ್ಲಿ ‘ಊಟ ಆಯ್ತಾ’ ಎಂದು ಕೇಳಿಸುತ್ತದೆ.

ಗೆಳೆಯ ಕೇಳಿಸಿಕೊಂಡನೇ? ಬಾಲವಿಲ್ಲದೆ ಕೂಗಿದಾಗ ನನ್ನ ದನಿಗಿಂತ ಗರಗರವೇ ಹೆಚ್ಚಿತ್ತಂತೆ. ಬಾಲ ಕಟ್ಟಿ, ಅದು ನೇರ ಕೆಳಗೆ ಇಳಿಬೀಳುವಂತೆ ಹಿಡಿದು ಮತ್ತೆ ಕರೆದೆ. ‘ಈಗ ಮಾತು ಗೊತ್ತಾಗುತ್ತಿದೆ, ಏನು ಮಾಡಿದೆ?’ ಅಂದ. ಪವಾಡವೇನೂ ಅಲ್ಲ. ಗರಗರ ಹೋಗಿರಲಿಲ್ಲ, ಹಿಂದೆ ಸರಿದಿತ್ತು ಅಷ್ಟೇ. ಹತ್ತು ರೂಪಾಯಿಯ ವೈರಿಗೆ ಇನ್ನೆಷ್ಟು ಕೇಳಲಿ?

ಕೈಯೇ ಇಲ್ಲದ ಜಾಗಕ್ಕೂ ಒಂದು ಹ್ಯಾಂಡಿ ಹೋಗಿ ಬಂದ ಕತೆ ನನ್ನನ್ನು ಆಗಾಗ ಕಾಡುತ್ತದೆ. ಬಂದ ಎಂದೆ, ವಾಪಸು ಬರಲಿಲ್ಲ. ಆ ಜಾಗ ಬಾಹ್ಯಾಕಾಶ. ಅಲ್ಲಿಗೆ ಹ್ಯಾಂಡಿ ಹೋದದ್ದು ಅದೇ ಮೊದಲಲ್ಲ: 1983ರ ಕೊನೆಯಲ್ಲಿ ಕೊಲಂಬಿಯಾ ನೌಕೆಯ ಗಗನಯಾತ್ರಿ ಓವೆನ್ ಗ್ಯಾರಿಯಟ್ ಮಾರ್ಪಡಿಸಿದ ಒಂದು ಹ್ಯಾಂಡಿಗೆ ಕಿಟಕಿಯ ಬಳಿ ಆಂಟೆನಾ ಹೂಡಿ ಭೂಮಿಯ ಹ್ಯಾಮ್‌ಗಳನ್ನು ಕರೆದಿದ್ದರು, ಓಗೊಟ್ಟವರಲ್ಲಿ ಜೋರ್ಡಾನಿನ ದೊರೆ ಹುಸೇನ್ ಕೂಡ ಇದ್ದರು. ಅದು ಸಂಭ್ರಮದ ಕತೆ. ನಾನು ಹೇಳಹೊರಟದ್ದು 2006ರ ಫೆಬ್ರುವರಿ 3ರದ್ದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬಳಕೆಯ ಅವಧಿ ಮುಗಿದ ಒಂದು ರಷ್ಯನ್ ಓರ್ಲಾನ್ ಉಡುಪಿತ್ತು. ಅದರೊಳಗೆ ಹಳೆ ಬಟ್ಟೆ ತುರುಕಿದರು, ಮಾರ್ಪಡಿಸಿದ ಒಂದು ಹ್ಯಾಂಡಿಯನ್ನು ಕೂರಿಸಿದರು, ಆಂಟೆನಾವನ್ನು ತಲೆಗಾಪಿನ ಮೇಲೆ ನಿಲ್ಲಿಸಿದರು. ವಲೇರಿ ಟೋಕರೆವ್ ಅದನ್ನು ಕೈಯಿಂದ ತಳ್ಳಿಬಿಟ್ಟರು. ಹೆಸರು ಸೂಟ್‌ಸ್ಯಾಟ್. ಒಳಗೆ ಮನುಷ್ಯನಿಲ್ಲದ ಮನುಷ್ಯಾಕಾರ, ಕೈಗವಸಿನೊಳಗೆ ಕೈಯಿಲ್ಲ, ಆದರೆ 145.990 ಮೆಗಾಹರ್ಟ್ಜ್‌ನಲ್ಲಿ ಹಲವು ಭಾಷೆಗಳ ಮಕ್ಕಳ ದನಿ. ಎಣಿಸಿದ್ದಕ್ಕಿಂತ ಎಷ್ಟೋ ಕ್ಷೀಣವಾಗಿತ್ತು ಆ ದನಿ. ದೊಡ್ಡ ಆಂಟೆನಾ ಇದ್ದವರು, ಕಿವಿಗೊಟ್ಟು ಕಾದವರು ಎರಡು ವಾರದಷ್ಟು ಹಿಡಿದರು. ದನಿ ನಿಂತ ಮೇಲೂ ಉಡುಪು ಸುತ್ತುತ್ತಲೇ ಇದ್ದು, ಸೆಪ್ಟೆಂಬರಿನಲ್ಲಿ ವಾತಾವರಣಕ್ಕಿಳಿದು ಉರಿದುಹೋಯಿತು.

ಸಂಕ್ರಾಂತಿಯ ಹೊಲದಲ್ಲಿ ಮರೆತುಬಿಟ್ಟ ಬೆದರುಗೊಂಬೆಯೊಂದು ಆಕಾಶಕ್ಕೆ ಹೋಗಿ ಮಾತಾಡಿದಂತೆ. ನಗು ಬರಬೇಕು, ಬರುವುದಿಲ್ಲ.

ಮೊನ್ನೆ ಸಂಜೆ ಅದೇ ಬಾಹ್ಯಾಕಾಶ ನಿಲ್ದಾಣ ನಮ್ಮ ತಲೆಯ ಮೇಲೆ ಹಾಯುವುದಿತ್ತು. ಸುಮಾರು 400 ಕಿಲೋಮೀಟರ್ ಎತ್ತರ. ನಾಲ್ಕು ಬೀದಿ ಆಚೆಯ ಕಾಂಕ್ರೀಟು ದಾಟಲು ಒದ್ದಾಡುವ ಹ್ಯಾಂಡಿಗೆ ಆ ದೂರ ದೂರವೇ ಅಲ್ಲ, ನಡುವೆ ಗೋಡೆಗಳಿಲ್ಲವಲ್ಲ. ಮಹಡಿ ಹತ್ತಿದೆವು. 145.825ಕ್ಕೆ ಹಚ್ಚಿ ರೇಡಿಯೋವನ್ನು ಮಗಳ ಕೈಗೆ ಕೊಟ್ಟೆ. ಕೇಳುವುದಕ್ಕೆ ಗುಂಡಿ ಒತ್ತಬೇಕಿಲ್ಲ. ಕೆಂಪು ಬಾಲ ಅವಳ ಮೊಣಕೈಯ ಕೆಳಗೂ ಇಳಿದಿತ್ತು. ಅವಳ ಮೊಳ ಇನ್ನೂ ಚಿಕ್ಕದು.

ಮೊದಲು ಬರಿಯ ಸುಂಯ್ ಎನ್ನುವ ಗಾಳಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಚುಕ್ಕೆ ಎದ್ದು ಬರುತ್ತಿದ್ದಂತೆ ಬರ್ರ್, ಬರ್ರ್ ಎಂದು ತುಂಡು ತುಂಡು ಸದ್ದು. ಕಂಪ್ಯೂಟರು ಕಂಪ್ಯೂಟರಿಗೆ ಹೇಳುವ ಮಾತು, ನಮಗೆ ಅರ್ಥವಾಗುವುದಿಲ್ಲ. ಅವಳಿಗೆ ಅದರ ಚಿಂತೆ ಇರಲಿಲ್ಲ. ತೂಗಾಡುತ್ತಿದ್ದ ತುದಿಯನ್ನು ಎಡಗೈಯಲ್ಲಿ ಹಿಡಿದಳು. ಸದ್ದು ಮಸುಕಾಯಿತು. ಬಿಟ್ಟಳು. ಮತ್ತೆ ಬಂತು. ಹಿಡಿದಳು, ಬಿಟ್ಟಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಚುಕ್ಕೆ ಪಕ್ಕದ ಮನೆಯ ತೆಂಗಿನ ಗರಿಗಳ ಹಿಂದೆ ಇಳಿಯುವವರೆಗೂ ಹಾಗೇ ಹಿಡಿಯುತ್ತ, ಬಿಡುತ್ತ ನಿಂತಿದ್ದಳು.