ಬಡ್ತಿಯ ಬಯಕೆ ಮತ್ತು ಪುರುಷಾರ್ಥ

ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳಬೇಕೆಂದು ಬೋಧಿಸುವ ಧರ್ಮದಲ್ಲಿ ಹುಟ್ಟಿದವನು ಉದ್ಯೋಗದಲ್ಲಿ ಮೇಲೇರಬೇಕೆಂದು ಬಯಸುವುದು ಯುಕ್ತವೇ? ಇದು ಕೇವಲ ಪಂಡಿತರ ಚರ್ಚೆಗೆ ಮೀಸಲಾದ ಪ್ರಶ್ನೆಯಲ್ಲ. ಹೊಳಲೂರಿನಂಥ ಊರಿನಿಂದ ದಿನವೂ ಬಸ್ಸು ಹಿಡಿದು ಶಿವಮೊಗ್ಗದ ಕಚೇರಿಗೋ ಭದ್ರಾವತಿಯ ಕಾರ್ಯಾಗಾರಕ್ಕೋ ಹೋಗಿಬರುವ ತರುಣನ ಮನಸ್ಸಿನಲ್ಲಿಯೂ ಅದು ಇದ್ದೇ ಇರುತ್ತದೆ. ಇನ್ನೂ ಬಡ್ತಿ ಬರಲಿಲ್ಲವೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ಆಸೆಯನ್ನು ತಗ್ಗಿಸಿಕೋ ಎಂದು ಪ್ರವಚನ ಹೇಳುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡವನ ಉತ್ಸಾಹ ಕೆಲವೇ ವರ್ಷಗಳಲ್ಲಿ ಬತ್ತಿಹೋಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಶ್ರಾವಕನ ಧರ್ಮ ದುಡಿಮೆಯನ್ನು ಹಳಿಯುವುದಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಜನರಿಗೆ ಕಲಿಸಿದವನು ಆದಿನಾಥನೇ ಎಂದು ಪುರಾಣ ಹೇಳುತ್ತದೆ. ಆದುದರಿಂದ ಆಲಸ್ಯಕ್ಕೆ ವೈರಾಗ್ಯದ ಹೆಸರನ್ನು ಕೊಡುವುದು ಆತ್ಮವಂಚನೆ. ವೀರ್ಯಾಂತರಾಯ ಕರ್ಮದ ಮೇಲೆ ಹೊರೆ ಹಾಕಿ ಕೈಕಟ್ಟಿ ಕುಳಿತುಕೊಳ್ಳುವುದೂ ಅಂಥದೇ. ಕರ್ಮ ಸಿದ್ಧಾಂತವು ಪುರುಷಾರ್ಥವನ್ನು ಕರೆಯುತ್ತದೆಯೇ ಹೊರತು ಅದಕ್ಕೆ ಬಾಗಿಲು ಮುಚ್ಚುವುದಿಲ್ಲ.

ಹಾಗಾದರೆ ಉತ್ಸಾಹ ಬಾಳಿಕೆ ಬರುವುದು ಯಾವುದರ ಬಲದಿಂದ? ಭದ್ರಾವತಿಯ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿದ್ದ ಕಾಲ ಅದು. ನಷ್ಟದ ಭಾರ ಸಂಸ್ಥಾನದ ಮೇಲೆ ಬಿದ್ದಿತ್ತು. ಆಗ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡವರು ಸರ್ ಎಂ. ವಿಶ್ವೇಶ್ವರಯ್ಯನವರು. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರಿಗೆ ಸಂಸ್ಥಾನದಲ್ಲಿ ಅದಕ್ಕಿಂತ ಮೇಲಿನ ಹುದ್ದೆ ಉಳಿದಿರಲಿಲ್ಲ. ವಯಸ್ಸು ಅರವತ್ತನ್ನು ದಾಟಿತ್ತು. ಆದರೂ 1929ರವರೆಗೆ ಆ ಹೊಣೆಯನ್ನು ಹೊತ್ತು ಕಾರ್ಖಾನೆಯನ್ನು ದಾರಿಗೆ ತಂದರು. ಮೇಲಕ್ಕೆ ಮೆಟ್ಟಿಲೇ ಇಲ್ಲದ ಕಡೆ ದುಡಿಸಿದ್ದು ಬಡ್ತಿಯ ಆಸೆಯಾಗಿರಲಾರದು. ಕೆಲಸ ಸರಿಯಾಗಬೇಕೆಂಬ ಹಂಬಲವೇ ಅದಕ್ಕೆ ಸಾಕಾಗಿತ್ತು.

ಅದೇ ಊರಿನ ಮತ್ತೊಂದು ಪಾಠ ಕಹಿಯಾದದ್ದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ನಿಷ್ಠೆಯಿಂದ ದುಡಿದವನಿಗೂ ದುಡಿಯದವನಿಗೂ ಒಂದೇ ಬಾಗಿಲು ಮುಚ್ಚಿತು. ಹುದ್ದೆಯನ್ನೇ ತನ್ನ ಸ್ವರೂಪವೆಂದು ಬಗೆದವನಿಗೆ ಇಂಥ ದಿನ ಎಲ್ಲವೂ ಹೋದಂತೆಯೇ. ಕೈಗೆ ಬಂದ ಕುಶಲತೆ, ಮೈಗೂಡಿದ ಶಿಸ್ತು, ನಾಲ್ಕು ಜನರ ವಿಶ್ವಾಸ ಇವು ಮಾತ್ರ ಕಾರ್ಖಾನೆಯ ಗೇಟಿನಾಚೆಗೂ ಜೊತೆಯಲ್ಲಿ ಬರುತ್ತವೆ. ಹೊಟ್ಟೆಪಾಡಿನ ಕಷ್ಟವನ್ನು ಇವು ಒಮ್ಮೆಲೇ ನೀಗಲಾರವು. ಆದರೆ ಮತ್ತೆ ಎದ್ದು ನಿಲ್ಲಲು ಬೇಕಾದ ನೆಲ ಇವೇ.

ಬಯಕೆಯು ಮಾನಕಷಾಯವಾಗಿ ತಿರುಗುವ ಗಳಿಗೆಯನ್ನು ಪಂಪನ ಆದಿಪುರಾಣ ತೋರಿಸುತ್ತದೆ. ದಿಗ್ವಿಜಯವನ್ನು ಮುಗಿಸಿದ ಭರತ ಚಕ್ರವರ್ತಿ ವೃಷಭಾಚಲದ ಮೇಲೆ ತನ್ನ ಕೀರ್ತಿಯನ್ನು ಕೆತ್ತಿಸಲು ಹೋದಾಗ ಅಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ತುಂಬಿದ್ದವು. ಒಬ್ಬನ ಹೆಸರನ್ನು ಅಳಿಸಿಯೇ ತನ್ನದನ್ನು ಬರೆಸಬೇಕಾಯಿತು. ಇಂದಿನ ಕಚೇರಿಗಳಲ್ಲಿಯೂ ವೃಷಭಾಚಲಗಳಿವೆ. ಸಹೋದ್ಯೋಗಿಯ ಶ್ರಮವನ್ನು ತನ್ನದೆಂದು ಮೇಲಧಿಕಾರಿಗೆ ತೋರಿಸುವವನು ಹೆಸರನ್ನು ಅಳಿಸಿ ಬರೆಯುವವನೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸವೂ ಒಂದೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಪೂರ್ಣ ಸಂಬಳ ಪಡೆದು ಅರೆಮನಸ್ಸಿನ ಕೆಲಸ ಕೊಡುವುದೂ ಅಳತೆಯ ಮೋಸವೇ ಎಂದರೆ ತಪ್ಪಾಗಲಾರದು. ಪರರದನ್ನು ಕದಿಯಬಾರದು, ತನ್ನದನ್ನು ಕಡಿಮೆ ಅಳೆಯಬಾರದು: ಉದ್ಯೋಗಿಯ ಅಚೌರ್ಯಕ್ಕೆ ಈ ಎರಡು ಮುಖಗಳು.

ಉತ್ಸಾಹವನ್ನು ಕಾಪಾಡಿಕೊಳ್ಳುವ ಉಪಾಯವೂ ಶ್ರಾವಕಾಚಾರದಲ್ಲಿಯೇ ಇದೆ. ಬಾಳಿನುದ್ದಕ್ಕೂ ಹಿಡಿಯುವುದು ಯಮ. ಇಂತಿಷ್ಟು ಕಾಲವೆಂದು ಹಿಡಿಯುವುದು ನಿಯಮ. ಜೀವಮಾನವೆಲ್ಲ ಶ್ರಮಿಸುತ್ತೇನೆಂಬ ಶಪಥ ವಾರದಲ್ಲಿ ಮುರಿಯುತ್ತದೆ. ಒಂದು ತಿಂಗಳು, ದಿನದ ಅತ್ಯಂತ ಕಠಿನವಾದ ಕೆಲಸವನ್ನು ಮೊದಲು ಮುಗಿಸುವೆನೆಂಬ ನಿಯಮ ನಿಲ್ಲುತ್ತದೆ; ನಿಂತ ನಿಯಮ ಮುಂದಿನದಕ್ಕೆ ಬಲ ಕೊಡುತ್ತದೆ. ಸಂಜೆಯ ಪ್ರತಿಕ್ರಮಣದಲ್ಲಿ ಅಂದಿನ ಕೆಲಸದ ದೋಷಗಳನ್ನೂ ನೆನೆದು ತಿದ್ದಿಕೊಂಡರೆ ಬೇರೆಯವರ ಬಡ್ತಿಯ ಲೆಕ್ಕ ಇಡುವುದಕ್ಕೆ ಬಿಡುವು ಉಳಿಯದು.

ಮೇಲೇರುವ ಬಯಕೆ ಸ್ವತಃ ಪಾಪವಲ್ಲ. ಹೆಚ್ಚಿನ ಹುದ್ದೆಯನ್ನು ಹೆಚ್ಚಿನ ಹೊಣೆಯೆಂದು ಬಯಸಿದರೆ ಅದು ಪುರುಷಾರ್ಥ. ಹೆಚ್ಚಿನ ಹೆಸರೆಂದು ಬಯಸಿದರೆ ಮಾನಕಷಾಯ. ಬಡ್ತಿಯ ಪತ್ರ ಕೈಗೆ ಬಂದ ದಿನ ಮಾತ್ರವಲ್ಲ, ಅದು ಪಕ್ಕದ ಮೇಜಿಗೆ ಹೋದ ದಿನವೂ ಮರುದಿನದ ಬಸ್ಸಿಗೆ ಅದೇ ಮನಸ್ಸಿನಿಂದ ಹೊರಡಬಲ್ಲವನೇ ತನ್ನ ಕೆಲಸಕ್ಕೆ ಒಡೆಯನಾದವನು.