ಯಾವ ಗೋಡೆ ಕರಗಬೇಕು?

ಮ್ಯೂನಿಕ್‌ನ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಮಗಳು ಶಾಲೆಯ ಕೆಲಸಕ್ಕೆಂದು ಒದ್ದೆ ಹತ್ತಿಯ ಮೇಲೆ ಬಾರ್ಲಿ ಕಾಳು ಹಾಕಿದ್ದಳು. ಭಾನುವಾರ ವಿಡಿಯೋ ಕಾಲ್‌ನಲ್ಲಿ, "ಅಜ್ಜೀ, ಮೊಲಕೆ ಬಂತು!" ಅಂದಳು. ನಾನು ಪಕ್ಕದಿಂದ "ಮೊಲಕೆ ಅಲ್ಲ, ಮೊಳಕೆ" ಅಂದೆ. ಇನ್ನೆರಡು ಸಲ ತಿದ್ದಿದೆ. ಆಮೇಲೆ ಅವಳು ಮಾತೇ ಆಡಲಿಲ್ಲ.

ನೀವೂ ಹೀಗೆ ತಿದ್ದಿರಬಹುದು, ಇಲ್ಲವೇ ತಿದ್ದಿಸಿಕೊಂಡು ಸುಮ್ಮನಾಗಿರಬಹುದು. ಹೇಳಿ, ಭಾಷೆ ಉಳಿಸೋದು ಅಂದ್ರೆ ಅದರ ಗೋಡೆ ಕಾಯೋದಾ?

ಆ ಕಾಳಿನೊಳಗೆ ಏನಾಗುತ್ತೆ ನೋಡಿ. ನೀರು ಕುಡಿದ ಭ್ರೂಣ ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದು ತಲುಪಿದಾಗ ಕಾಳಿನ ಅಂಚಿನ ಪದರ ಕಿಣ್ವಗಳನ್ನು ಹೊರಬಿಡುತ್ತದೆ. ಕೆಲವು ಕಿಣ್ವಗಳು ಪಿಷ್ಟ ತುಂಬಿದ ಜೀವಕೋಶಗಳ ಗೋಡೆ ಕರಗಿಸುತ್ತವೆ, ಕೆಲವು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಅದು ಸಸಿಯ ಮೊದಲ ಊಟ. ಉಗ್ರಾಣದ ಗೋಡೆ ಕರಗದಿದ್ದರೆ ದಾಸ್ತಾನಿದ್ದೂ ಉಪವಾಸ.

ಬೆಳೆಯುವ ಮೊಳಕೆಯ ಸ್ವಂತ ಗೋಡೆಯ ಕಥೆ ಬೇರೆ. ಅಲ್ಲಿ ಆಕ್ಸಿನ್ ಎಂಬ ಹಾರ್ಮೋನಿನಿಂದ ಗೋಡೆ ತುಸು ಆಮ್ಲೀಯವಾಗುತ್ತದೆ. ಆಗ ಎಕ್ಸ್‌ಪಾನ್ಸಿನ್ ಎಂಬ ಪ್ರೋಟೀನು ಗೋಡೆಯ ಎಳೆಗಳ ಹಿಡಿತವನ್ನು ಸಡಿಲಿಸುತ್ತದೆ, ಕತ್ತರಿಸುವುದಿಲ್ಲ. 1992ರಲ್ಲಿ ಸೌತೆಯ ಸಸಿಗಳಲ್ಲಿ ಇದನ್ನು ಗುರುತಿಸಿದರು. ಒಳಗಿನ ನೀರಿನ ಒತ್ತಡಕ್ಕೆ ಕೋಶ ಹಿಗ್ಗುತ್ತದೆ. ಜೊತೆಗೇ ಗೋಡೆಗೆ ಹೊಸ ಸಾಮಗ್ರಿ ಸೇರುತ್ತಾ ಹೋಗುತ್ತದೆ.

ಹಾಗಂತ ಸಡಿಲ ಬಿಟ್ಟಷ್ಟೂ ಒಳ್ಳೆಯದು ಅಂತಲ್ಲ. ಗಿಬ್ಬರೆಲಿನ್ ತಯಾರಿಸುವ ಶಿಲೀಂಧ್ರ ತಗುಲಿದ ಭತ್ತದ ಸಸಿ ವಿಪರೀತ ಉದ್ದ ಬೆಳೆದು ಸೊರಗುತ್ತದೆ. ಜಪಾನಿನ ರೈತರು ಅದನ್ನು 'ದಡ್ಡ ಸಸಿ' ಅಂತಲೇ ಕರೆದರು. ಅಂದರೆ, ತಿದ್ದಲೇಬಾರದು ಎಂಬುದೂ ಉತ್ತರವಲ್ಲ.

ಗಿಡಕ್ಕೆ ಆಯ್ಕೆಯಿಲ್ಲ, ಅವಮಾನವೂ ಇಲ್ಲ. ನಮಗೆ ಎರಡೂ ಇವೆ. ಆದ್ದರಿಂದ ಗಿಡದಿಂದ ನೇರವಾಗಿ ನೀತಿ ಕೀಳಲಾಗದು. ಆದರೂ ಕಾಳು ನನಗೊಂದು ಪ್ರಶ್ನೆ ಕೊಟ್ಟಿತು: ಯಾವ ಗೋಡೆ ಯಾರದ್ದು? ನನ್ನ ಬಳಿ ಇರುವ ಪದ, ಗಾದೆ, ಕಥೆಗಳೆಲ್ಲ ಉಗ್ರಾಣ. ಅದರ ಸುತ್ತ ನಾನು ಕಟ್ಟಿದ ಸರಿ-ತಪ್ಪಿನ ಹಠ ಕರಗಬೇಕಾದ್ದು. ಅವಳ ನಾಲಿಗೆಯ ಗೋಡೆ ಅವಳದ್ದು. ಅದು ಮೆಲ್ಲಗೆ ಸಡಿಲವಾಗಿ, ತಾನೇ ಕಟ್ಟಿಕೊಳ್ಳುತ್ತಾ ಬೆಳೆಯಬೇಕು. ಇನ್ನೊಂದು ಮಾತು ಗಮನಿಸಿ: ಕಾಳಿನಲ್ಲಿ ಮೊದಲ ಸಂದೇಶ ಹೊರಟಿದ್ದು ಭ್ರೂಣದಿಂದ. ಮಗು ಕೇಳಿದಾಗ ಕೊಡೋದು ಬೇರೆ, ಕೇಳದಾಗ ತುರುಕೋದು ಬೇರೆ.

ಮಗಳ ಹತ್ತಿರ ಕ್ಷಮೆ ಕೇಳಿದೆ. ಅವಳಿನ್ನೂ 'ಮೊಲಕೆ' ಅಂತಲೇ ಹೇಳ್ತಾಳೆ. ಅಜ್ಜಿಯ ಜೊತೆ ಮಾತು ಮಾತ್ರ ಈಗ ಅರ್ಧ ಗಂಟೆ ದಾಟುತ್ತೆ.